ಅಸ್ಗರಿ ಬೇಗಂ ನೋಡಿರದ ಹೂವು

ಗಂಜಾಂನ ಅಸ್ಗರಿ ಬೇಗಂ ಹತ್ತೊಂಬತ್ತು ವರ್ಷದಿಂದ ದಾಸವಾಳದ ಹಾರ ಕಟ್ಟುತ್ತಿದ್ದಾರೆ. ಆದರೆ ತಮ್ಮ ಗಿಡದ ಹೂವು ಅರಳುವುದನ್ನು ಅವರು ಕೂತು ನೋಡಿದವರಲ್ಲ. ಆ ಕೆಲಸದ ರೀತಿಯೇ ಹಾಗೆ. ದಾಸವಾಳ ಒಂದು ಹಗಲಿನ ಹೂವು. ಅರಳಿದ ಮೇಲೆ ಕಟ್ಟಲು ಹೋದರೆ ಎಸಳು ಹರಿಯುತ್ತದೆ. ಹಾಗಾಗಿ ನಾಳೆ ಅರಳಲಿರುವ ಮೊಗ್ಗುಗಳನ್ನು ಇಂದಿನ ಸಂಜೆಯೇ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಒದ್ದೆ ಬಟ್ಟೆ ಸುತ್ತಿಡಬೇಕು. ಬೆಳಿಗ್ಗೆ ಆರಕ್ಕೆ ಅದು ಬೀದಿಯ ಕೊನೆಯ ಅಮ್ಮನ ಗುಡಿಯ ಜಗುಲಿ ಸೇರುತ್ತದೆ. ಎಂಟರ ಹೊತ್ತಿಗೆ ದೇವಿಯ ಕೊರಳಲ್ಲೇ ಒಂದೊಂದಾಗಿ ಅರಳಿಕೊಳ್ಳುತ್ತದೆ. ಗಿಡದಲ್ಲಿ ಮೊಗ್ಗು ಉಳಿಸುವ ಹಾಗೂ ಇಲ್ಲ. ಉಳಿಸಿದರೆ ಮುಂಜಾನೆ ವಾಕಿಂಗ್ ಹೊರಟವರು ಗೋಡೆಯಾಚೆಯಿಂದಲೇ ಕೈ ಹಾಕುತ್ತಾರೆ.

ಒಂದು ಬುಧವಾರ ಗುಡಿಯ ಅರ್ಚಕ ಅನಂತರಾಮು ಮೊಬೈಲು ಹಿಡಿದುಕೊಂಡು ಅವರ ಗೇಟಿಗೇ ಬಂದರು.

"ಅಸ್ಗರಮ್ಮ, ಇದು ಯಾವ ಗಿಡದ್ದು?"

ಫೋಟೋದಲ್ಲಿ ದೇವಿಯ ಹಾರವಿತ್ತು. ಸಾಲು ಕೆಂಪು ಹೂಗಳ ನಡುವೆ ಒಂದು ಮಾತ್ರ ಬೇರೆ. ಐದೆಸಳಿನ ಮಧ್ಯೆ ಉದ್ದಕ್ಕೆ ಚಾಚುವ ಕೇಸರದ ಕಡ್ಡಿ ಅದರಲ್ಲಿರಲಿಲ್ಲ. ಆ ಜಾಗದಲ್ಲಿ ಪುಟ್ಟ ಎಸಳುಗಳ ಕುಚ್ಚು, ಒಂದು ಹೂವಿನೊಳಗೆ ಇನ್ನೊಂದು ಹೂವು ಬಂದು ಕೂತಂತೆ.

"ಇದು ನಮ್ದಲ್ಲ ಬುಡಿ ಐನೋರೆ. ಯಾರೋ ಭಕ್ತರು ಸಿಗಿಸವ್ರೆ."

"ನಿಮ್ಮ ಗಂಟು ನನಗೆ ಗೊತ್ತಾಗೋಲ್ವೆ? ನಾಲ್ಕೈದು ತಿಂಗಳಿಂದ ಆಗಾಗ ಬರ್ತಾನೇ ಇದೆ. ಬೇರೆ ಗಿಡ ಹಾಕಿದ್ದೀರಿ ಅಂದ್ಕೊಂಡಿದ್ದೆ."

ಅವರ ಮನೆಯಲ್ಲಿದ್ದದ್ದು ಒಂದೇ ಗಿಡ. ಅದಕ್ಕೂ ಶನಿವಾರ ಕೊಡಲಿ ಬೀಳುವುದಿತ್ತು. ಮಗ ಹಫೀಜ್‌ನ ಆಟೊ ನಿಲ್ಲಿಸಲು ಶೀಟಿನ ಶೆಡ್ಡು ಕಟ್ಟಬೇಕು, ಗಾರೆ ಕೆಲಸದ ಹೊನ್ನಪ್ಪ ದಿನ ಕೊಟ್ಟಾಗಿತ್ತು. ಹಾರಕ್ಕೆ ಪಾಂಡವಪುರದಿಂದ ಮೊಗ್ಗು ತರಿಸಿಕೊಳ್ಳೋಣವೆಂದು ಅಸ್ಗರಿಯವರೇ ಒಪ್ಪಿದ್ದರು. ಫೋಟೋ ನೋಡಿದ ಮೇಲೆ ಆ ಒಪ್ಪಿಗೆ ಅವರಿಗೆ ಚುಚ್ಚತೊಡಗಿತು. ತಮ್ಮ ಅಂಗಳದಲ್ಲೇ ಹುಟ್ಟಿದ ಇಂಥ ಹೂವನ್ನು ಊರೆಲ್ಲ ನೋಡಿದೆ, ತಾವು ನೋಡಿಲ್ಲ. ಇನ್ನು ಮೂರು ದಿನಕ್ಕೆ ಅದು ಸೌದೆ.

ಅನಂತರಾಮು ಮಗಳಿಗೆ ಫೋನು ಹಚ್ಚಿಕೊಟ್ಟರು. ಅರ್ಚನ ಪಾಂಡವಪುರದ ಕಾಲೇಜಿನಲ್ಲಿ ಜೀವಶಾಸ್ತ್ರದ ಪಾಠ ಮಾಡುವವಳು.

"ನಿಮ್ಮ ಗಿಡದ್ದೇ ಯಾವುದೋ ಒಂದು ರೆಂಬೆ ಅಸ್ಗರಮ್ಮ," ಎಂದಳು. "ಮೊಗ್ಗು ಸಾಸಿವೆ ಕಾಳಷ್ಟಿರುವಾಗ ಎಸಳಾಗೋ ಚೂರೂ ಕೇಸರವಾಗೋ ಚೂರೂ ಒಂದೇ ಥರ ಇರುತ್ತೆ. ನೀನು ಇದಾಗು, ನೀನು ಅದಾಗು ಅಂತ ಒಳಗಿಂದ ಸೂಚನೆ ಹೋಗ್ಬೇಕು. ಆ ರೆಂಬೆಯ ಚಿಗುರಲ್ಲಿ ಸೂಚನೆ ಬದಲಾಗಿದೆ. ಕೇಸರ ಆಗ್ಬೇಕಾದ್ದು ಎಸಳಾಗ್ತಿದೆ."

"ಕಾಯಿಲೆನಾ ಮೇಡಮ್ಮೋರೆ?"

"ಕಾಯಿಲೆ ಅಲ್ಲ. ಕಾಡಲ್ಲಾಗಿದ್ರೆ ಪರಾಗ ಕಮ್ಮಿ, ಬೀಜ ಕಮ್ಮಿ, ಅಲ್ಲಿಗೇ ಮುಗೀತಿತ್ತು. ಜನ ಚೆನ್ನಾಗಿದೆ ಅಂತ ಕಡ್ಡಿ ನೆಟ್ಟು ನೆಟ್ಟು ಇಂಥ ಸುತ್ತಿನ ದಾಸವಾಳ ಎಲ್ಲಾ ಕಡೆ ಉಳಿದಿರೋದು. ಆದ್ರೆ ಅದೇ ರೆಂಬೆಯ ಕಡ್ಡಿ ಬೇಕು. ಪಕ್ಕದ್ದು ನೆಟ್ರೆ ಮಾಮೂಲಿ ಹೂವೇ."

"ಎಲ್ಲಾ ರೆಂಬೇದೂ ಒಂದೊಂದು ಕಡ್ಡಿ ನೆಟ್ಬುಡಮ್ಮಿ," ಎಂದ ಪಕ್ಕದಲ್ಲೇ ನಿಂತು ಕೇಳುತ್ತಿದ್ದ ಹಫೀಜ್.

"ನೂರಾರು ರೆಂಬೆ ಅದೆ ಕಣ್ಲಾ. ನಿನ್ನ ತಲೆ ಮ್ಯಾಲೆ ನೆಡ್ಲಾ?"

ಒಂದು ದಿನ ಮೊಗ್ಗು ಕೊಯ್ಯದೆ ಬಿಟ್ಟು ನೋಡಿ ಎಂದಳು ಅರ್ಚನ. ಅಸ್ಗರಿ ಒಪ್ಪಲಿಲ್ಲ. "ಅಮ್ಮನ ಕೊರಳು ಖಾಲಿ ಬುಡಕ್ಕಾಯ್ತದಾ?" ಅವರೇ ಒಂದು ದಾರಿ ಹುಡುಕಿದರು. ಗೇಟಿನ ಕಡೆಯಿಂದ ಶುರುಮಾಡಿ, ರೆಂಬೆಯ ಸಾಲಿನಲ್ಲೇ ಮೊಗ್ಗು ಕೊಯ್ದು, ಅದೇ ಸಾಲಿನಲ್ಲಿ ಕಟ್ಟುವುದು. ಹಾರದಲ್ಲಿ ಅದು ಎಷ್ಟನೆಯದೆಂದು ಐನೋರು ಎಣಿಸಿ ಹೇಳಿದರೆ ರೆಂಬೆ ಸಿಕ್ಕಂತೆಯೇ.

ಗುರುವಾರ ಬೆಳಿಗ್ಗೆ ಅನಂತರಾಮು ಅವರ ಫೋನು ಬಂತು. "ಬಂದಿದೆ! ಸರಿಯಾಗಿ ಹಾರದ ನಡುವೆ."

ಸಾಲಿನ ಲೆಕ್ಕಕ್ಕೆ ನಡುವೆ ಎಂದರೆ ನಲ್ಲಿಯ ಪಕ್ಕದ ರೆಂಬೆ. ಅಸ್ಗರಿ ಅದರ ಮುಂದೆ ಹೋಗಿ ನಿಂತವರು ಹಣೆ ಚಚ್ಚಿಕೊಂಡರು. ಹಾರದ ನಡುಭಾಗ ದೇವಿಯ ಎದೆಯ ಮೇಲೆ ಬರುವುದರಿಂದ ಅಲ್ಲಿಗೆ ದಪ್ಪ ಮೊಗ್ಗುಗಳೇ ಬೇಕು. ನಿನ್ನೆ ಸಂಜೆಯೂ ದಪ್ಪ ಮೊಗ್ಗು ಸಿಕ್ಕಾಗಲೆಲ್ಲ ಕೈ ತಾನಾಗಿ ಅದನ್ನು ತಟ್ಟೆಯ ಅಂಚಿಗೆ ಸರಿಸಿ, ಆಮೇಲೆ ನಡುವೆ ಸೇರಿಸಿತ್ತು. ಹತ್ತೊಂಬತ್ತು ವರ್ಷದ ರೂಢಿಯ ಮುಂದೆ ಸಾಲು ಎಲ್ಲಿಯದು?

ಹಫೀಜ್ ಬಿದ್ದು ಬಿದ್ದು ನಕ್ಕ. "ನಿನ್ ಕೈಯೇ ನಿನ್ ಮಾತು ಕೇಳಕಿಲ್ಲ, ನಾನ್ಯಾಕೆ ಕೇಳ್ಲಿ?"

ಅಸ್ಗರಿ ಅದಕ್ಕೆ ಕಿವಿಗೊಡದೆ ಅರ್ಚಕರಿಗೆ ಮತ್ತೆ ಫೋನು ಹಚ್ಚಿದರು. "ಐನೋರೆ, ಇಷ್ಟು ದಿನ ಅದು ಎಲ್ಲಿ ಬತ್ತಿತ್ತು?"

"ಯಾವಾಗಲೂ ನಡುವೆಯೇ."

ಅಸ್ಗರಿಯವರಿಗೆ ನಗು ಬಂತು. ಒಳಗೆ ಎಸಳು ಕಿಕ್ಕಿರಿದ ಮೊಗ್ಗಿಗೆ ಹೊಟ್ಟೆ ದಪ್ಪವಿರಲೇಬೇಕು. ಕಣ್ಣು ಕಾಣದ್ದನ್ನು ಬೆರಳು ತಿಂಗಳುಗಟ್ಟಲೆ ಆರಿಸಿ ಆರಿಸಿ ದೇವಿಯ ಎದೆಗೆ ಇಟ್ಟಿತ್ತು.

ಆ ಸಂಜೆ ಅವರು ಕಣ್ಣು ಮುಚ್ಚಿಕೊಂಡು, ಮೊಗ್ಗು ಮೊಗ್ಗನ್ನೂ ಎರಡು ಬೆರಳಲ್ಲಿ ಹಿಡಿದು ನೋಡುತ್ತ ಗಿಡವನ್ನು ಸುತ್ತಿದರು.

"ಏನಮ್ಮಿ, ಕಣ್ಣಾಮುಚ್ಚಾಲೆನಾ?"

"ಸುಮ್ಕಿರ್ಲಾ."

ಬಿಸಿಲು ಬೀಳುವ ಕಡೆ ಒಂದೆರಡು ದಪ್ಪ ಮೊಗ್ಗು ಸಿಕ್ಕವು, ಆದರೆ ಅವು ಉದ್ದಕ್ಕೂ ದಪ್ಪ. ಚರಂಡಿಯ ಕಡೆ ಗೋಡೆಗೆ ಒರಗಿದ ರೆಂಬೆಯಲ್ಲಿ ಕೈ ನಿಂತಿತು. ಅಲ್ಲಿನ ಮೂರು ಮೊಗ್ಗೂ ಬುಗುರಿಯಂತೆ ನಡುವೆ ಉಬ್ಬಿದ್ದವು. ಎರಡು ಇನ್ನೂ ಬಲಿತಿರಲಿಲ್ಲ. ಬಲಿತ ಒಂದನ್ನು ಅವರು ಕೊಯ್ಯಲಿಲ್ಲ; ದಾರಿಹೋಕರ ಕಣ್ಣಿಗೆ ಬೀಳದಂತೆ ಹಳೇ ದುಪಟ್ಟಾದ ಚೂರು ಮುಚ್ಚಿದರು.

ಶುಕ್ರವಾರ ಬೆಳಗಿನ ನಮಾಜು ಮುಗಿಸಿ, ಹಾರ ಕಳಿಸಿ, ಸ್ಟೂಲು ಹಾಕಿಕೊಂಡು ಗಿಡದ ಮುಂದೆ ಕೂತರು. ಮೊದಲು ತುದಿ ಸಡಿಲವಾಯಿತು. ಹೊರಗಿನ ಐದೆಸಳು ಮೆಲ್ಲಗೆ ಹಿಂದಕ್ಕೆ ಬಾಗಿದವು. ಒಳಗಿನ ಕುಚ್ಚು, ಮಡಿಕೆ ಬಿಚ್ಚಿದ ಸೀರೆಯ ನೆರಿಗೆಯಂತೆ, ಒಂದೊಂದೇ ಎಸಳಾಗಿ ಹೊರಬಂತು. ಕೆಲವು ಎಸಳಿನ ತುದಿಯಲ್ಲಿ ಹಳದಿ ಚುಕ್ಕಿ ಇನ್ನೂ ಅಂಟಿಕೊಂಡಿತ್ತು, ಅರ್ಧ ಕೇಸರ, ಅರ್ಧ ಎಸಳು. "ಮಾಷಾ ಅಲ್ಲಾ," ಎಂದರು ಅಸ್ಗರಿ. ಅವರ ಚಹಾ ಆರಿಹೋಗಿತ್ತು.

ಒಂಬತ್ತಕ್ಕೆ ಅನಂತರಾಮು ಫೋನು ಮಾಡಿದರು. "ಇವತ್ತು ಅದು ಬರಲೇ ಇಲ್ಲವಲ್ಲ?"

"ಇವತ್ತು ನನ್ ಸರದಿ ಐನೋರೆ."

ಮಧ್ಯಾಹ್ನ ಆ ರೆಂಬೆಯಿಂದ ಒಂಬತ್ತು ಕಡ್ಡಿ ಕತ್ತರಿಸಿ ಪೇಂಟಿನ ಹಳೇ ಬಕೆಟ್ಟುಗಳಲ್ಲಿ ನೆಟ್ಟರು. ಶನಿವಾರ ಮಾತಿನಂತೆ ಗಿಡ ಉರುಳಿತು, ಮುಂದಿನ ವಾರ ಶೆಡ್ಡು ಎದ್ದಿತು. ಆರು ಕಡ್ಡಿ ಚಿಗುರಿದವು. ಎಂಟನೇ ತಿಂಗಳಿಗೆ ಹೂವಾದಾಗ ಐದರಲ್ಲಿ ಕುಚ್ಚಿತ್ತು, ಒಂದು ಬರಿಯ ಐದೆಸಳಿಗೆ ಮರಳಿತ್ತು. ನೋಡಲು ಬಂದ ಅರ್ಚನ ಆ ಒಂದರ ಮುಂದೆಯೇ ಹೆಚ್ಚು ಹೊತ್ತು ಕೂತು, ತನ್ನ ವಿದ್ಯಾರ್ಥಿಗಳಿಗೆ ತೋರಿಸಲು ಅದೇ ಬೇಕೆಂದು ಎತ್ತಿಕೊಂಡು ಹೋದಳು.

ಎಳೆಯ ಗಿಡಕ್ಕೆ ನಡುಮಧ್ಯಾಹ್ನದ ಬಿಸಿಲು ತಾಗಬಾರದು. ಮನೆಯಲ್ಲಿ ನೆರಳಿರುವುದು ಶೆಡ್ಡಿನ ಕೆಳಗೊಂದೇ. ಐದು ಬಕೆಟ್ಟು ಅಲ್ಲಿ ಸಾಲಾಗಿ ಕೂತಿವೆ. ಆಟೊ ಬೀದಿಯಲ್ಲಿ ನಿಲ್ಲುತ್ತದೆ.