ಹದಿನೈದು ಮನೆಗಳ ನಾಯಿ

ಝಂಫಿರಾ ಬೊತೆಝಾತು ಮುಂಗೋಪಿ ಎಂಬುದು ಗಲಾತ್ಸಿ ಊರಿನ ಆ ಬೀದಿಗೆಲ್ಲ ಗೊತ್ತು. ಉಕ್ಕಿನ ಕಾರ್ಖಾನೆಯಲ್ಲಿ ನಿವೃತ್ತಿಯವರೆಗೂ ಕ್ರೇನ್ ನಡೆಸಿದವಳು. ಕೆಳಗಿನ ಗದ್ದಲವನ್ನು ಮೀರಿ ಕೂಗಿ ಕೂಗಿ ಪಳಗಿದ ಗಂಟಲು. ಅಂಗಡಿಯಲ್ಲಿ ಬ್ರೆಡ್ ಕೇಳಿದರೂ ಜಗಳಕ್ಕೆ ಬಂದಂತಿರುತ್ತದೆ. ಆದರೆ ಮಾರ್ಚ್ ತಿಂಗಳ ಆ ಸೋಮವಾರ ಬಂದ ಕೋಪ ಬೇರೆಯೇ ಜಾತಿಯದು. ಅದು ಇನ್ನೂ ಇಳಿದಿಲ್ಲ.

ಅಂದು ಬೆಳಿಗ್ಗೆ ಅವಳು ನಾಲ್ಕನೇ ಮಹಡಿಯಿಂದ ಕೋಳಿಮೂಳೆಯ ಬಟ್ಟಲು ಹಿಡಿದು ಇಳಿದಾಗ, ಕೆಳಬಾಗಿಲ ಪಕ್ಕ ನಾಯಿ ಮಲಗುವ ಗೋಣಿತಾಟು ಖಾಲಿ ಇತ್ತು. ಎದುರಿನ ಹೂವಿನ ಅಂಗಡಿಯವಳು ಹೇಳಿದಳು: "ನಗರಸಭೆ ಗಾಡಿ ಬಂದಿತ್ತಕ್ಕ. ಕುತ್ತಿಗೆಗೆ ಕುಣಿಕೆ ಹಾಕಿ ಎಳ್ಕೊಂಡು ಹೋದ್ರು. ಪಾಪ, ಬಾಲ ಅಲ್ಲಾಡಿಸ್ಕೊಂಡೇ ಹೋಯ್ತು. ಯಾರೋ ಊಟ ಹಾಕೋಕೆ ಬಂದ್ರು ಅಂದ್ಕೊಂಡಿರ್ಬೇಕು."

ಗಾಡಿ ತಾನಾಗಿ ಬರುವುದಿಲ್ಲ. ಯಾರಾದರೂ ಫೋನ್ ಮಾಡಿದರೆ ಬರುತ್ತದೆ.

ಐದು ಮಹಡಿ, ಹದಿನೈದು ಮನೆ, ಎಲ್ಲರಿಗೂ ಒಂದೇ ಮೆಟ್ಟಿಲು. ಏಳು ವರ್ಷದ ಹಿಂದೆ ಮಳೆಗೆ ಹೆದರಿ ಒಳಗೆ ನುಗ್ಗಿದ ಕಂದು ನಾಯಿ ಆ ವಠಾರದ್ದೇ ಆಗಿಹೋಗಿತ್ತು. ಸಂಜೆಯಾದರೆ ಮೊದಲ ಮಹಡಿಯಿಂದ ಶುರು ಮಾಡಿ ಒಂದೊಂದು ಬಾಗಿಲ ಮುಂದೆಯೂ ಕೂರುತ್ತಿತ್ತು. ಸಿಕ್ಕಿದ್ದು ತಿನ್ನುತ್ತಿತ್ತು, ಸಿಗದಿದ್ದರೆ ಬೇಸರಿಸದೆ ಮುಂದಿನ ಬಾಗಿಲಿಗೆ ಹೋಗುತ್ತಿತ್ತು. ಮೊದಲ ಮಹಡಿಯಲ್ಲಿ ಅದರ ಹೆಸರು ಕರ್ನಲ್, ಎರಡನೆಯದರಲ್ಲಿ ಬುರ್ಸುಕ್. ಝಂಫಿರಾ ಮಾತ್ರ ಹೆಸರಿಟ್ಟಿರಲಿಲ್ಲ. "ಲೋ" ಎನ್ನುತ್ತಿದ್ದಳು, ಬರುತ್ತಿತ್ತು. ನಾಯಿ ಮನೆಯೊಳಗೆ ಕಾಲಿಟ್ಟರೆ ಮನೆ ಹೊಲಸು ಎಂಬುದು ಅವಳ ನಂಬಿಕೆ. ಬಟ್ಟಲನ್ನು ಸದಾ ಹೊಸ್ತಿಲ ಹೊರಗೇ ಇಡುತ್ತಿದ್ದಳು.

ಆ ಸಂಜೆ ಎಲ್ಲ ಬಾಗಿಲುಗಳನ್ನೂ ಬಡಿದು ಮೆಟ್ಟಿಲ ಬುಡಕ್ಕೆ ಜನ ಸೇರಿಸಿದಳು.

"ಯಾರ್ರೀ ಫೋನ್ ಮಾಡಿದ್ದು?"

ಯಾರೂ ಮಾಡಿರಲಿಲ್ಲ. ಎರಡನೇ ಮಹಡಿಯ ಕೊರಾಲಿಯಾ ಕರವಸ್ತ್ರ ಕಣ್ಣಿಗೊತ್ತಿಕೊಂಡು ಬಿಕ್ಕಿದಳು: "ನನ್ನ ಬುರ್ಸುಕ್! ಯಾವ ಪಾಪಿ ಕೈಗೆ ಹುಳ ಬೀಳ!"

"ಅಳೋದು ಆಮೇಲೆ. ಎರಡು ವಾರದಲ್ಲಿ ಯಾರೂ ಬಿಡಿಸ್ಕೊಳ್ದಿದ್ರೆ ಸೂಜಿ ಚುಚ್ಚಿ ಸಾಯಿಸ್ತಾರೆ. ಯಾರು ಕರ್ಕೊಂಡ್ಬರ್ತೀರಿ?"

ಕಟ್ಟಡದ ಉಸ್ತುವಾರಿ ನೋಡುವ, ಮೊದಲ ಮಹಡಿಯ ಪಾಂತೆಲಿಮೋನ್ ಗಂಟಲು ಸರಿಮಾಡಿಕೊಂಡರು. "ಎಲ್ಲರೂ ಸೇರಿ ಒಂದು ಮನವಿ ಕೊಡೋಣ ಝಂಫಿರಾ. ನಾಯಿ ಎಲ್ಲರದ್ದೂ ಅಲ್ವೇ."

"ಎಲ್ಲರದ್ದು ಅಂದ್ರೆ ಯಾರದ್ದೂ ಅಲ್ಲ ಪಾಂತೆಲಿಮೋನ್ ಸಾಹೇಬ್ರೇ. ಕ್ರೇನ್ ಕೆಳಗೆ ಹತ್ತು ಜನ ಕೈ ಬೀಸಿದ್ರೆ ನಾನು ಸರಕು ಎತ್ತುತ್ತಿರಲಿಲ್ಲ. ಬೀಸೋನು ಒಬ್ಬನೇ ಇರ್ಬೇಕು."

ಒಬ್ಬರಿಗೆ ಅಲರ್ಜಿ, ಇನ್ನೊಬ್ಬರಿಗೆ ಹೊಸ ಕಾರ್ಪೆಟ್. ಕೊರಾಲಿಯಾಳಿಗೆ ರಕ್ತದೊತ್ತಡ. ಮೂರನೇ ಮಹಡಿಯವನು, "ನೀವೇ ತನ್ನಿ ಅಕ್ಕ, ಒಂಟಿ ಇದೀರಿ, ಜೊತೆಯಾಗುತ್ತೆ" ಎಂದ.

"ಜೊತೆ ಬೇಕೂಂತ ನಿನ್ನ ಕೇಳಿದ್ನಾ?" ಎಂದು ಝಂಫಿರಾ ಮೆಟ್ಟಿಲು ಹತ್ತಿಬಿಟ್ಟಳು.

ಮರುದಿನ ಕೊನೆಯ ಟ್ರ್ಯಾಮ್ ನಿಲ್ದಾಣದಿಂದ ಆಚೆ, ಊರ ಹೊರಗಿನ ನಾಯಿಗಳ ಆಶ್ರಯಕ್ಕೆ ನಡೆದುಹೋದಳು. ದೂರದಿಂದಲೇ ಬೊಗಳು ಕೇಳುತ್ತಿತ್ತು. ಮೂರನೇ ಸಾಲಿನ ಬೋನಿನಲ್ಲಿ ಅದು ಗೋಡೆಗೆ ಮುಖ ಮಾಡಿ ಮಲಗಿತ್ತು. "ಲೋ" ಎಂದಳು. ಎದ್ದು ಬಂದು ಜಾಲರಿಗೆ ಮೂತಿ ಒತ್ತಿತು. ಕುತ್ತಿಗೆಯಲ್ಲಿ ಕುಣಿಕೆ ಕೊರೆದ ಗೆರೆ ಹಸಿಯಾಗೇ ಇತ್ತು.

ಅಲ್ಲಿಯ ಹುಡುಗಿ ಮಿರುನಾ ಕೇಳಿದಳು: "ನಿಮ್ದಾ ದೊಡ್ಡಮ್ಮ?"

"ವಠಾರದ್ದು."

"ವಠಾರಕ್ಕೆ ಕೊಡೋಕಾಗಲ್ಲ. ಒಬ್ಬರ ಹೆಸರು ಬೇಕು. ಕಚ್ಚಿದ್ರೆ, ಕಾಯಿಲೆ ಬಿದ್ರೆ, ಆ ಒಬ್ಬರೇ ಹೊಣೆ. ಇನ್ನು ಬಾಗಿಲ ಹೊರಗೆ ಮಲಗಿಸೋ ಹಾಗಿಲ್ಲ, ಮನೆಯೊಳಗೇ ಇಟ್ಕೋಬೇಕು."

"ಕಚ್ಚುತ್ತೆ ಅಂದವರ್ಯಾರು?"

"ಫೋನ್ ಮಾಡಿದವರು. ಹೆಸರು ಹೇಳೋ ಹಾಗಿಲ್ಲ. ಮೊಮ್ಮಗಳು ಹೆದರ್ಕೊಂತಾಳೆ, ಯಾವತ್ತಾದ್ರೂ ಕಚ್ಚುತ್ತೆ ಅಂದ್ರಂತೆ."

ಆ ಹದಿನೈದು ಮನೆಗಳಲ್ಲಿ ಮೊಮ್ಮಗಳಿರುವುದು ಒಂದೇ ಮನೆಯಲ್ಲಿ. ಝಂಫಿರಾಳ ಕಣ್ಣಮುಂದೆ ಕೊರಾಲಿಯಾಳ ಕರವಸ್ತ್ರ ಬಂತು. ಕಿವಿ ಕಾದ ಕಬ್ಬಿಣವಾಯಿತು.

"ಬರ್ಕೋ," ಎಂದಳು. "ನನ್ನ ಹೆಸರೇ ಬರ್ಕೋ."

"ನಾಯಿ ಹೆಸರು?"

"ಲೋ."

"ಹಾಗೆ ಬರೆಯೋಕಾಗಲ್ಲ ದೊಡ್ಡಮ್ಮ."

"ಹಾಗಾದ್ರೆ ಬೊತೆಝಾತು ಅಂತ ಬರಿ. ನಮ್ಮ ಮನೆತನದ ಹೆಸರು. ಇನ್ನು ಯಾವ ಗಾಡಿ ಮುಟ್ಟುತ್ತೋ ನೋಡ್ತೀನಿ."

ಚರ್ಮದಡಿ ಗುರುತಿನ ಚಿಪ್ ಕೂರಿಸಿ ನಾಯಿಯನ್ನು ಅವಳ ಕೈಗೆ ಕೊಟ್ಟರು. ಟ್ರ್ಯಾಮಿನಲ್ಲಿ ದಾರಿಯುದ್ದಕ್ಕೂ ಅವಳು ಒಂದೇ ಶಪಥ ಮಾಡುತ್ತ ಬಂದಳು: ಆ ವಠಾರದ ಒಂದು ಕೈಯೂ ಇನ್ನು ಇದರ ಮೈ ಮುಟ್ಟಕೂಡದು.

ಆದರೆ ನಾಯಿ ಶಪಥ ಮಾಡಿರಲಿಲ್ಲ. ಮನೆಯೊಳಗೆ ಹಾಸಿದ ಕಂಬಳಿಯನ್ನು ಬಿಟ್ಟು ಬಾಗಿಲಿಗೆ ಆತು ಮಲಗಿತು. ಸೂಪು ಇಟ್ಟಳು, ಮೂಸಲಿಲ್ಲ. ಬೀದಿಗೆ ಇಳಿಸಿ ತಂದರೂ ಅಷ್ಟೇ. ಸಂಜೆಯಾಗುತ್ತಲೇ ಬಾಗಿಲು ಕೆರೆಯತೊಡಗಿತು. ಎರಡನೇ ಸಂಜೆಯೂ ಹಾಗೇ ಆದಾಗ ಝಂಫಿರಾ ಕೇಳಿದಳು: "ಅವರೇ ಬೇಕಾ ನಿಂಗೆ? ಮಾನ ಇಲ್ವಾ?" ನಾಯಿ ಬಾಲ ಅಲ್ಲಾಡಿಸಿತು. ಅವಳು ಹಗ್ಗ ಕಟ್ಟಿ ಬಾಗಿಲು ತೆರೆದಳು.

ಅದು ನೇರ ಮೆಟ್ಟಿಲ ಬುಡಕ್ಕೆ ಎಳೆದೊಯ್ದಿತು. ಅದರ ಲೆಕ್ಕ ಮೊದಲ ಮಹಡಿಯಿಂದಲೇ ಶುರು. ಮೊದಲ ಮಹಡಿಯ ಮೂರು ಬಾಗಿಲುಗಳೂ ಮುಚ್ಚಿದ್ದವು. ಎರಡನೆಯದರಲ್ಲಿ ಕೊರಾಲಿಯಾಳ ಬಾಗಿಲ ಮುಂದೆ ಕೂತು ಒಮ್ಮೆ ಬೊಗಳಿತು. ಝಂಫಿರಾ ಹಗ್ಗ ಜಗ್ಗಿದಳು. ಏಳಲಿಲ್ಲ.

ಬಾಗಿಲು ತೆರೆಯಿತು. "ಅಯ್ಯೋ, ಬುರ್ಸುಕ್! ಬಂದ್ಯಾ ಚಿನ್ನ..."

"ಚಿನ್ನ ಗಿನ್ನ ಅನ್ಬೇಡ. ಫೋನ್ ಮಾಡಿದ ಬಾಯಿ ಅದು."

ಕೊರಾಲಿಯಾಳ ಮುಖ ಸುಣ್ಣವಾಯಿತು. "ಮಗೂಗೆ ಏನಾದ್ರೂ ಆಗ್ಬಿಟ್ರೆ ಅಂತ... ದೂರ ಎಲ್ಲೋ ಬಿಡ್ತಾರೆ ಅಂದ್ಕೊಂಡೆ, ದೇವರಾಣೆ."

"ನನ್ಹತ್ರ ಹೇಳೋಕೆ ಎರಡು ಮಹಡಿ ಹತ್ತಬೇಕಿತ್ತು. ಕಾಲು ಬರ್ಲಿಲ್ಲ, ಫೋನಿಗೆ ಕೈ ಬಂತು! ಅಳಬೇಡ, ಅವತ್ತೇ ಅತ್ತು ಮುಗಿಸಿದ್ದೀಯ. ಏನಿದ್ಯೋ ಅದನ್ನ ತಂದ್ಹಾಕು. ಎರಡು ದಿನದಿಂದ ಉಪವಾಸ ಇದೆ."

ಕೊರಾಲಿಯಾ ಮಾಮಾಲಿಗ ಎಂಬ ಮೆಕ್ಕೆಜೋಳದ ಮುದ್ದೆಗೆ ಚೀಸ್ ಮೆತ್ತಿ ತಟ್ಟೆಯಲ್ಲಿ ತಂದು ಬಗ್ಗಿದಳು.

"ಕೆಳಗಿಡಬೇಡ. ಕೈಯಿಂದ ತಿನ್ಸು. ಕಚ್ಚುತ್ತಾ ನೋಡು."

ಕೊರಾಲಿಯಾ ಮುದ್ದೆ ಮುರಿದು ಕೈ ಚಾಚಿದಳು. ನಾಯಿ ತುಟಿಯಂಚಿನಿಂದ ಮುದ್ದೆ ತೆಗೆದುಕೊಂಡಿತು. ತಿಂದು ಮುಗಿಸಿ ಬೆರಳುಗಳನ್ನು ಒಂದೊಂದಾಗಿ ನೆಕ್ಕಿತು. ಝಂಫಿರಾ ಮುಖ ತಿರುಗಿಸಿ ಗೋಡೆ ನೋಡುತ್ತ ನಿಂತಳು.

ಅಂದಿನಿಂದ ಪ್ರತಿ ಸಂಜೆ ಅವಳು ಹದಿನಾಲ್ಕು ಬಾಗಿಲುಗಳ ಮುಂದೆ ನಿಲ್ಲುತ್ತಾಳೆ. ಕೊರಾಲಿಯಾಳೊಡನೆ ಒಂದು ಮಾತೂ ಆಡುವುದಿಲ್ಲ. ಮೊನ್ನೆ ಪಾಂತೆಲಿಮೋನ್ ಸಾಸೇಜಿನ ತುಂಡು ಹಾಕುತ್ತ, "ಅಂತೂ ನಮ್ಮೆಲ್ಲರ ಕರ್ನಲ್ ವಾಪಸ್ ಬಂದ" ಎಂದರು.

"ನಿಮ್ಮೆಲ್ಲರದ್ದಲ್ಲ, ನನ್ನದು. ನೀವು ಊಟ ಹಾಕೋರು, ಅಷ್ಟೇ," ಎಂದು ಝಂಫಿರಾ ಹಗ್ಗ ಎಳೆದಳು. ನಾಯಿ ಏಳಲಿಲ್ಲ. ಪಾಂತೆಲಿಮೋನ್ ಯಾವಾಗಲೂ ಎರಡು ತುಂಡು ಹಾಕುತ್ತಾರೆಂದು ಅದಕ್ಕೆ ಗೊತ್ತಿತ್ತು. ಅವಳು ಹಲ್ಲು ಕಚ್ಚಿಕೊಂಡು ಕಾದಳು.