ಕಾವ್ಯಶ್ರೀಯ ಕವಲು ಪೈಪು

ಭೀಮನಬೀಡಿನ ಕಾವ್ಯಶ್ರೀ ಏನು ಕೆಲಸ ಮಾಡುತ್ತಾಳೆ ಅಂತ ಹೆಣ್ಣು ನೋಡಲು ಬಂದವರು ಕೇಳಿದರೆ ಅವಳ ತಾಯಿ ಮಲ್ಲಾಜಮ್ಮ, "ಪೈಪ್‌ಗೆ ಎಲ್ಲೆಲ್ಲಿ ನೋವಾಯ್ತದೆ ಅಂತ ಕಂಪ್ಯೂಟ್ರಲ್ಲಿ ನೋಡ್ತಾಳೆ ಕಣಪ್ಪ" ಅನ್ನುತ್ತಿದ್ದಳು. ಬಂದವರು ಉಪ್ಪಿಟ್ಟು ಮುಗಿಸಿ ಹೋದರೆ ಮತ್ತೆ ತಿರುಗಿ ನೋಡುತ್ತಿರಲಿಲ್ಲ. ಕಾವ್ಯಶ್ರೀಗೆ ಅದರಿಂದ ಬೇಸರವೇನೂ ಇರಲಿಲ್ಲ. ಅಮ್ಮ ಹೇಳುತ್ತಿದ್ದುದು ಸುಳ್ಳೂ ಅಲ್ಲ.

ಗುಂಡ್ಲುಪೇಟೆಯಲ್ಲಿ ಬಸ್ಸು ಹಿಡಿದು ಅವಳು ಹೋಗುತ್ತಿದ್ದುದು ಚಾಮರಾಜನಗರದ ಬೇಕರಿಯೊಂದರ ಮಹಡಿಗೆ. ಅಲ್ಲಿ ಗುರುಪಾದಸ್ವಾಮಿಯವರ ಡಿಸೈನ್ ಆಫೀಸು. ಬಿಸಿ ಹಬೆ ಹರಿದಾಗ ಪೈಪು ಹಿಗ್ಗಿ ಎಳೆದಾಡುತ್ತದೆ. ಸೀಳುವ ಜಾಗವನ್ನು ಸಾಫ್ಟ್‌ವೇರು ಕೆಂಪಾಗಿ ತೋರಿಸುತ್ತದೆ. ಗುರುಪಾದಸ್ವಾಮಿಗೆ ಕೆಂಪು ಕಂಡರಾಗದು, ಸಿಗ್ನಲ್ಲಿನಲ್ಲೂ.

ಬದನಗುಪ್ಪೆಯಲ್ಲಿ ಬಣ್ಣ ತಯಾರಿಸುವ ಹೊಸ ಕಾರ್ಖಾನೆಗೆ ಹಬೆಯ ಪೈಪು ಹಾಕುತ್ತಿದ್ದರು. ದೊಡ್ಡ ಪೈಪಿನಿಂದ ಚಿಕ್ಕದು ಕವಲೊಡೆಯುವ ಕಡೆ ಎಂಥ ಜೋಡಣೆ ಇದೆ ಅಂತ ಸಾಫ್ಟ್‌ವೇರಿಗೆ ನಾವೇ ಹೇಳಬೇಕು. "ಅಚ್ಚಲ್ಲಿ ಮಾಡಿದ ಗಟ್ಟಿ ಟೀ ಅಂತ ಹಾಕಮ್ಮ" ಅಂದರು ಸ್ವಾಮಿ. ಟೀ ಅಂದರೆ ಇಂಗ್ಲಿಷಿನ T ಆಕಾರದ ಜೋಡಣೆಯ ತುಂಡು. ಹಾಕಿದಳು. ಪರದೆಯೆಲ್ಲ ಹಸಿರಾಯಿತು. ಕೆಳಗಿನ ಬೇಕರಿಯಿಂದ ಪಪ್ಸ್ ಬಂದವು.

ಬಾಯ್ಲರ್ ಪೂಜೆಯ ಹಿಂದಿನ ದಿನ ಅವಳು ಕಾರ್ಖಾನೆಗೆ ಹೋದಾಗ ಕವಲಿನಲ್ಲಿ ಟೀ ಕಾಣಲಿಲ್ಲ. ವೆಲ್ಡರ್ ಮಹಾಲಿಂಗನನ್ನು ಕೇಳಿದಳು.

"ಟೀ ಎಲ್ಲಿ?"

"ಕ್ಯಾಂಟೀನ್ಲಿ ಕೇಳಿ ಮೇಡಂ."

"ಪೈಪಿಂದು ಕಣಯ್ಯ."

"ಅದು ಬರ್ಲೇ ಇಲ್ಲ. ನಾನೇನ್ ಹೆತ್ಕೊಡ್ಲಾ? ತೂತು ಕೊರ್ದು ಪೈಪ್ನೇ ಅಂಟಿಸ್ಬುಟ್ಟೆ."

ಆಫೀಸಿಗೆ ವಾಪಸ್ ಬಂದು ಇದ್ದದ್ದನ್ನು ಇದ್ದ ಹಾಗೆ ಸಾಫ್ಟ್‌ವೇರಿಗೆ ಹಾಕಿದಳು. ಕವಲು ಬ್ಯಾಡಗಿ ಮೆಣಸಿನಕಾಯಿಯಂತೆ ಕೆಂಪಾಯಿತು.

"ಹಳೇದನ್ನೇ ಇಡು" ಅಂದರು ಸ್ವಾಮಿ. "ಕಂಪ್ಯೂಟರ್ ಏನು ಬದನಗುಪ್ಪೆಗೆ ಹೋಗಿ ನೋಡುತ್ತಾ?"

"ಇಲ್ಲ ಸಾರ್. ನೀವು ಹೋಗ್ತೀರಲ್ಲ. ನಾಳೆ ಹಬೆ ಬಿಡೋ ಹೊತ್ತಿಗೆ ನಿಮಗೆ ಶಾಲು ಹೊದಿಸ್ತಾರಂತೆ. ಕುರ್ಚಿ ಹಾಕಿರೋದು ಆ ಕವಲಿನ ಕೆಳಗೇ."

ಸ್ವಾಮಿ ಕನ್ನಡಕ ತೆಗೆದು ಒರೆಸಿಕೊಂಡರು. "ಈಗೇನು ಮಾಡೋದಮ್ಮ?"

ಹರಿದ ಪ್ಯಾಂಟಿಗೆ ತೇಪೆ ಹಾಕಿದ ಹಾಗೆ ತೂತಿನ ಸುತ್ತ ದಪ್ಪ ತಗಡಿನ ಬಳೆ ಕೂರಿಸಿ ಲೆಕ್ಕ ಹಾಕಿದಳು. ಕೆಂಪು ಇಳಿಯಿತು, ಪೂರ್ತಿ ಹೋಗಲಿಲ್ಲ. ಚಿಕ್ಕ ಪೈಪಿಗೆ ಹಿಗ್ಗಲು ಒಂದು ಸುತ್ತು ಬಳಸುದಾರಿ ಕೊಟ್ಟಳು. ಆಗ ಹಸಿರಾಯಿತು.

ಮರುದಿನ ಬಾಯ್ಲರಿಗೆ ಪೂಜೆಯಾಯಿತು, ತೇಪೆ ಮುಗಿಯದ್ದರಿಂದ ಬೆಂಕಿ ಹಾಕಲಿಲ್ಲ. ಒಂದು ಕಡೆ ಮಂತ್ರ, ಇನ್ನೊಂದು ಕಡೆ ಮಹಾಲಿಂಗನ ವೆಲ್ಡಿಂಗು. "ನನ್ನ ಮಂಗಳಾರತಿಗಿಂತ ನಿಂದೇ ಜೋರಾಯ್ತಲ್ಲಲಾ" ಅಂತ ಪೂಜಾರಿ ಗೊಣಗಿದರು. ಶಾಲು ಹೊದ್ದ ಸ್ವಾಮಿ, ತೇಪೆ ಹಾಕಿಸಿದ್ದು ತಮ್ಮದೇ ಮುಂದಾಲೋಚನೆ ಅಂತ ಭಾಷಣ ಮಾಡಿದರು. ಕಾವ್ಯಶ್ರೀ ಕೇಸರಿಬಾತು ಎರಡನೇ ಸಲ ಹಾಕಿಸಿಕೊಂಡಳು.

ಆ ವಾರದ ಕೊನೆಗೆ ಹಬೆ ಬಿಟ್ಟರು. ಸ್ವಾಮಿ ಫೋನು ಬಂತೆಂದು ಗೇಟಿನಾಚೆ ಹೋದರು. ಅವಳೂ ಮಹಾಲಿಂಗನೂ ಕವಲು ಕಾಣುವಷ್ಟು ದೂರದಲ್ಲಿ ನಿಂತರು. ಪೈಪು ಕಿರ್ರೆಂದು ಬೆರಳಗಲ ಸರಿದು ತೆಪ್ಪಗಾಯಿತು.

"ಏನಾಯ್ತು ಮೇಡಂ?"

"ಏನೂ ಆಗ್ಲಿಲ್ಲ."

"ಇಷ್ಟಕ್ಕಾ ನನ್ನ ಪ್ರಾಣ ತಿಂದಿದ್ದು" ಅಂದು ಅವನು ಹೊರಟ. ಕಾವ್ಯಶ್ರೀ ಅವನ ಹಿಂದೆ ಹೋಗಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು ಆ ಕವಲನ್ನೇ ನೋಡಿದಳು.