ತಾಬಕ್ಕ ಓದದೆ ದಾಟಿಸಿದ ಪ್ರಶ್ನೆ

ಅಮೆರಿಕದ ಪೋರ್ಟ್‌ಲ್ಯಾಂಡಿನ ನಮ್ಮ ಕಾಂಗೋ ಜನರಲ್ಲಿ ಮಕ್ಕಳನ್ನು ಕಾಲೇಜಿಗೆ ಕಳಿಸುವ ಆಸೆಯಿರುವವರು ಮೊದಲು ದೇವರಿಗೆ ಕೈಮುಗಿಯುತ್ತಾರೆ, ಆಮೇಲೆ ತಾಬಕ್ಕನ ಹತ್ತಿರ ಬರುತ್ತಾರೆ. ದೇವರ ಹತ್ತಿರ ಹೋಗುವಾಗ ಕಾಗದಪತ್ರ ಬೇಕಿಲ್ಲ. ತಾಬಕ್ಕನ ಹತ್ತಿರ ಬೇಕು.

ತಾಬು ಅಸುಕುಲುಗೆ ಐವತ್ತೆರಡು ವರ್ಷ. ವಾರದಲ್ಲಿ ಐದು ದಿನ ಒಂದು ಹೋಟೆಲಿನ ಲಾಂಡ್ರಿ ಕೋಣೆಯಲ್ಲಿ ಹಾಸಿಗೆ ಬಟ್ಟೆ ಮಡಿಸುತ್ತಾಳೆ. ಶನಿವಾರ ಚರ್ಚಿನ ನೆಲಮಾಳಿಗೆಯಲ್ಲಿ ಹಳೆಯ ಕಂಪ್ಯೂಟರಿನ ಮುಂದೆ ಕೂತು, ಹೈಸ್ಕೂಲಿನ ಕೊನೆಯ ವರ್ಷದಲ್ಲಿರುವ ನಮ್ಮ ಮಕ್ಕಳಿಗೆ ಸರ್ಕಾರದ ಸಹಾಯಧನದ ಅರ್ಜಿ ತುಂಬಿಸಿಕೊಡುತ್ತಾಳೆ. ಇದಕ್ಕೆ ಯಾರೂ ಸಂಬಳ ಕೊಡುವುದಿಲ್ಲ, ಬೇಡವೆಂದರೂ ಎಣ್ಣೆಯಲ್ಲಿ ಕರಿದ ಸಿಹಿ ಮಂದಾಜಿ ತಂದು ಕೊಡುತ್ತಾರೆ. ಅದರ ಎಣ್ಣೆ ಕೀಲಿಮಣೆಗೆ ಮೆತ್ತಿಕೊಂಡು ಈಗ ಏಳನೇ ಅಂಕಿ ಒತ್ತಿದರೆ ಎಂಟೂ ಬರುತ್ತದೆ.

ಅವಳು ಸ್ವತಃ ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ತಾಂಜಾನಿಯಾದ ನಿರಾಶ್ರಿತರ ಶಿಬಿರದಲ್ಲಿ ಹನ್ನೊಂದು ವರ್ಷ ರೇಷನ್ ಸಾಲಿನವರ ಹೆಸರು ಬರೆದವಳು. ಅಲ್ಲಿ ಕಲಿತ ವಿದ್ಯೆ ಒಂದೇ: ಎರಡು ಕಾಗದ ಎರಡು ಥರ ಮಾತಾಡಬಾರದು. ಹಾಗೆ ಮಾತಾಡಿದ ಮನೆಗೆ ಜೋಳದ ಹಿಟ್ಟು ನಿಂತುಹೋಗುತ್ತಿತ್ತು.

ಅವಳ ಕೆಲಸದ ರೀತಿಯೇ ಬೇರೆ. ಮನೆಯಲ್ಲಿ ಎಷ್ಟು ಜನ ಎಂದು ಅರ್ಜಿ ಕೇಳಿದರೆ ತಾಬಕ್ಕ ಹಾಗೆ ಕೇಳುವುದಿಲ್ಲ. "ನಿನ್ನೆ ಊಟ ಆದ್ಮೇಲೆ ನಿಮ್ಮನೇಲಿ ಎಷ್ಟು ತಟ್ಟೆ ತೊಳೆದ್ರಿ?" ಎನ್ನುತ್ತಾಳೆ. ಆರು ಜನ ಎಂದವರ ಮನೆಯಲ್ಲಿ ಒಂಬತ್ತು ತಟ್ಟೆ ಇರುತ್ತದೆ. ಆ ಮೂರು ತಟ್ಟೆ ಯಾರದು ಎಂದು ವಿಚಾರಿಸುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ.

ಆದರೆ ಅರ್ಜಿಯ ಒಂದು ಪ್ರಶ್ನೆಯನ್ನು ಅವಳು ಯಾರಿಗೂ ಓದಿ ಹೇಳುತ್ತಿರಲಿಲ್ಲ. ಹೆತ್ತವರಿಬ್ಬರೂ ತೀರಿಕೊಂಡಿದ್ದಾರೆಯೇ, ವಿದ್ಯಾರ್ಥಿ ಅನಾಥನೇ ಎಂಬ ಪ್ರಶ್ನೆ ಅದು. ನಮ್ಮಲ್ಲಿ ಅಣ್ಣ ಸತ್ತರೆ ಅವನ ಮಕ್ಕಳು ತಮ್ಮನ ಮಕ್ಕಳು, ಅಷ್ಟೇ. ಚಿಕ್ಕಪ್ಪನೂ ಅಪ್ಪನೇ, ದೊಡ್ಡಪ್ಪನೂ ಅಪ್ಪನೇ. ಸಾಕಿದವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಗುವಿಗೆ "ನೀನು ಅನಾಥಳಾ" ಎಂದು ಕೇಳುವುದು ಅವನ ಮುಖಕ್ಕೆ ಉಗಿದ ಹಾಗೆ. ಏಳು ವರ್ಷದಿಂದ ತಾಬಕ್ಕ ಆ ಪ್ರಶ್ನೆ ಬಂದಾಗಲೆಲ್ಲ ಸುಮ್ಮನೆ 'ಇಲ್ಲ' ಎಂದು ಒತ್ತಿ ಮುಂದಕ್ಕೆ ಹೋಗುತ್ತಿದ್ದಳು. ಇದನ್ನು ಅವಳು ಮರ್ಯಾದೆ ಎಂದುಕೊಂಡಿದ್ದಳು.

ಸಿಫಾಳ ಅರ್ಜಿಯಲ್ಲೂ ಹಾಗೇ ಒತ್ತಿದ್ದಳು. ಹದಿನೆಂಟರ ಹುಡುಗಿ, ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಅಪ್ಪ ವಿಲೋಂಜಾ ಮೀನು ಕಾರ್ಖಾನೆಯಲ್ಲಿ ಹಿಂದಿನ ವರ್ಷವೆಲ್ಲ ಎರಡೆರಡು ಪಾಳಿ ದುಡಿದಿದ್ದ. ಆ ಸಂಬಳ ನೋಡಿ ಕಾಲೇಜಿನವರು, ಇವರಿಗೇನು ಕಡಿಮೆ ಎಂದುಕೊಂಡು ಸಹಾಯಧನ ಕತ್ತರಿಸಿದರು. ವರ್ಷಕ್ಕೆ ಹನ್ನೊಂದು ಸಾವಿರ ಡಾಲರ್ ಕೈಯಿಂದ ಹಾಕಬೇಕು. ಎಂಟು ತಟ್ಟೆಯ ಮನೆಗೆ ಅದು ಆಗದ ಮಾತು.

ಮಾರ್ಚ್ ತಿಂಗಳ ಎರಡನೇ ಶನಿವಾರ ಸಿಫಾ ಕಾಲೇಜಿನ ಇನ್ನೊಂದು ಕಾಗದ ಹಿಡಿದು ಬಂದಳು. ಹಿಂದೆಯೇ ವಿಲೋಂಜಾ, ಬೂಟಿನ ಹಿಮವನ್ನು ಮೆಟ್ಟಿಲ ಮೇಲೆ ಕೊಡವುತ್ತ. ತಾಬಕ್ಕ ಕಾಗದವನ್ನು ಎರಡು ಸಲ ಓದಿದಳು.

"ಏನಂತೆ?" ಎಂದ ವಿಲೋಂಜಾ.

"ಇವಳು ನಿನ್ನ ಮಗಳಾ ಅಂತ ಕೇಳ್ತಿದಾರೆ."

"ಹೌದು ಅಂತ ಬರಿ."

"ಬರೆದಿದ್ದೆ. ಅದಕ್ಕೇ ಕೇಳ್ತಿರೋದು."

ಆದದ್ದಿಷ್ಟು. ವಿಲೋಂಜಾನ ತೆರಿಗೆ ಕಾಗದ ಬರೆದವನು ನಮ್ಮ ಕಡೆಯವನಲ್ಲ. ಶಿಬಿರದಿಂದ ತಂದ ದಾಖಲೆಯಲ್ಲಿ ಏನಿತ್ತೋ ಅದನ್ನೇ ನೋಡಿ, ಸಿಫಾಳ ಹೆಸರಿನ ಮುಂದೆ 'ಅಣ್ಣನ ಮಗಳು' ಎಂದು ಹಾಕಿದ್ದ. ತಾಬಕ್ಕನ ಅರ್ಜಿ 'ಮಗಳು' ಎನ್ನುತ್ತಿತ್ತು. ಎರಡು ಕಾಗದ ಎರಡು ಥರ ಮಾತಾಡಿದ್ದವು, ಅದೂ ತಾಬಕ್ಕನ ಕೈಯಲ್ಲಿ.

ಕಾಗದದ ಕೊನೆಯ ಸಾಲುಗಳನ್ನು ಅವಳು ಮೂರನೇ ಸಲ ಓದಿದಳು. ಹೆತ್ತವರಿಬ್ಬರೂ ಇಲ್ಲವೆಂದಾದರೆ ಚಿಕ್ಕಪ್ಪನ ಸಂಬಳ ಲೆಕ್ಕಕ್ಕೇ ಬರುವುದಿಲ್ಲ, ಹುಡುಗಿಗೆ ಪೂರ್ತಿ ಸಹಾಯಧನ. ಅದಕ್ಕೆ ಸಾಕಿದವರು ಒಂದು ಪತ್ರ ಬರೆದು ಸಹಿ ಹಾಕಬೇಕು. ಸೋಮವಾರ ಕೊನೆಯ ದಿನ.

ತಾಬಕ್ಕ ಕಾಗದವನ್ನು ಮೇಜಿನ ಮೇಲಿಟ್ಟಳು. ಏಳು ವರ್ಷದಲ್ಲಿ ಎಷ್ಟು ಮಕ್ಕಳಿಗೆ ಹೀಗೆ 'ಇಲ್ಲ' ಒತ್ತಿದ್ದೆ ಎಂದು ಮನಸ್ಸಿನಲ್ಲೇ ಎಣಿಸಿದಳು. ಗೊತ್ತಿದ್ದವರೇ ಒಂಬತ್ತು ಜನ. ಅದರಲ್ಲಿ ನಾಲ್ಕು ಮಕ್ಕಳು ದುಡ್ಡು ಸಾಲದೆ ಕಾಲೇಜು ಬಿಟ್ಟು ಗೋದಾಮಿನಲ್ಲಿ ಡಬ್ಬ ಕಟ್ಟುತ್ತಿದ್ದರು. ಮರ್ಯಾದೆಯಂತೆ, ಮಣ್ಣಂತೆ.

"ನೀನು ಇವಳ ಅಪ್ಪ ಅಲ್ಲ ಅಂತ ಬರೆದುಕೊಡಬೇಕು," ಎಂದಳು. ಬೇರೆ ದಾರಿಯಿಲ್ಲದಾಗ ನೇರವಾಗಿ ಹೇಳುವುದು ಅವಳ ಅಭ್ಯಾಸ.

ವಿಲೋಂಜಾ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡ. "ಬರೆದ್ರೆ?"

"ವರ್ಷಕ್ಕೆ ಹನ್ನೊಂದು ಸಾವಿರ ಉಳಿಯುತ್ತೆ."

"ನಾಲ್ಕು ವರ್ಷಕ್ಕೆ ನಲವತ್ನಾಲ್ಕು. ಹದಿನಾರು ವರ್ಷ ಅಪ್ಪ ಆಗಿದ್ದಕ್ಕೆ ಯಾರೂ ಒಂದು ಸೆಂಟ್ ಕೊಡ್ಲಿಲ್ಲ. ಅಪ್ಪ ಅಲ್ಲ ಅಂದ್ರೆ ನಲವತ್ನಾಲ್ಕು ಸಾವಿರ ಕೊಡ್ತಾರೆ. ಒಳ್ಳೇ ದೇಶ ಇದು."

"ದೇಶನ ಆಮೇಲೆ ಬಯ್ಯೋಣ, ಸೋಮವಾರ ಹತ್ರ ಬಂತು."

"ಶಿಬಿರದಲ್ಲಿ ದಾಖಲೆ ಬರೆಯೋ ಸಾಹೇಬ ಎಷ್ಟು ಮಕ್ಕಳು ಅಂದ. ಆರು ಅಂದೆ. ಐದು ಮಕ್ಕಳು, ಒಬ್ಬಳು ಅಣ್ಣನ ಮಗಳು ಅಂತ ಬರೆದ. ಒಂದು ಗಂಟೆ ಜಗಳ ಆಡಿದೀನಿ ತಾಬಕ್ಕ, ನೀನೇ ಅಲ್ಲಿ ಸಾಲಲ್ಲಿ ಹೆಸರು ಬರೀತಾ ಕೂತಿದ್ದೆ. ಈಗ ಅವನೇ ಸರಿ ಅಂತ ನಾನು ಸಹಿ ಹಾಕ್ಬೇಕಾ? ಹಾಕಲ್ಲ."

ಇಷ್ಟು ಹೊತ್ತೂ ಸಿಫಾ ಮಂದಾಜಿಯನ್ನು ಚೂರು ಚೂರು ಮಾಡುತ್ತ ಕೂತಿದ್ದಳು. "ಅಪ್ಪ, ಬಿಡು. ನಾನೂ ಕಾರ್ಖಾನೆಗೇ ಬರ್ತೀನಿ. ಇಬ್ರೂ ಒಂದೇ ಕಾರಲ್ಲಿ ಹೋಗ್ಬಹುದು," ಎಂದಳು.

ವಿಲೋಂಜಾ ತನ್ನ ಕೈ ನೋಡಿಕೊಂಡ. ಮಂಜುಗಡ್ಡೆಯ ನೀರಿನಲ್ಲಿ ದಿನವೆಲ್ಲ ಮುಳುಗಿ ಬೆರಳ ತುದಿಗಳು ಒಡೆದಿದ್ದವು. ಆ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಎದ್ದ. "ಕಾರಿನಲ್ಲಿ ಜಾಗ ಇಲ್ಲ," ಎಂದು ಮೆಟ್ಟಿಲು ಹತ್ತಿದ.

ತಾಬಕ್ಕ ಮೊಣಕಾಲು ನೋವಿನವಳು, ಆದರೂ ಹಿಂದೆಯೇ ಹತ್ತಿದಳು. ಬಾಗಿಲ ಹತ್ತಿರ ಅವನನ್ನು ಹಿಡಿದು ನಿಲ್ಲಿಸಿದಳು.

"ನಿಮ್ಮಣ್ಣನ ಹೆಸರೇನು?" ಎಂದಳು.

"ನಿಂಗೆ ಗೊತ್ತಿಲ್ವಾ? ಅಲಿಮಾಸಿ."

"ನಂಗೆ ಗೊತ್ತು. ಈ ದೇಶದಲ್ಲಿ ಒಂದು ಕಾಗದದ ಮೇಲಾದ್ರೂ ಆ ಹೆಸರಿದೆಯಾ? ಅಪ್ಪನ ಹೆಸರು ಅಂತ ಇದ್ದಲ್ಲೆಲ್ಲ ನೀನು ನಿನ್ನ ಹೆಸರು ಬರೆಸಿದೀಯ. ನಾನೇ ಬರೆದಿದೀನಿ, ತಪ್ಪು ಅಂತಿಲ್ಲ. ಆದ್ರೆ ಅವನೂ ಎರಡು ವರ್ಷ ಅವಳಿಗೆ ಅಪ್ಪ ಆಗಿದ್ದ. ಅವನದ್ದು ಅಂತ ಒಂದು ಕಾಗದ ಇರ್ಲಿ."

ವಿಲೋಂಜಾ ಹೊರಟುಹೋದ. ಹಾಳಾದವನು ಬಾಗಿಲನ್ನೂ ಹಾಕಿಕೊಳ್ಳಲಿಲ್ಲ, ಹಿಮವೆಲ್ಲ ಒಳಗೆ ಬಂತು.

ಮರುದಿನ ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ, ಅಪ್ಪ ಮಗಳು ಇಬ್ಬರೂ ನೆಲಮಾಳಿಗೆಗೆ ಬಂದರು. ವಿಲೋಂಜಾ ಕೋಟಿನೊಳಗಿಂದ ಮಡಿಸಿದ ಹಾಳೆ ತೆಗೆದು ಮೇಜಿನ ಮೇಲಿಟ್ಟ. ಸ್ವಾಹಿಲಿಯಲ್ಲಿ, ಕೈಬರಹದಲ್ಲಿ, ಒಂದೂವರೆ ಪುಟ. ತಾಬಕ್ಕನ ಕನ್ನಡಕ ಮನೆಯಲ್ಲೇ ಉಳಿದಿತ್ತು, ಅಥವಾ ಹಾಗೆಂದು ಅವಳು ಹೇಳಿದಳು. ಹಾಗಾಗಿ ವಿಲೋಂಜಾನೇ ಓದಬೇಕಾಯಿತು. ತಾಬಕ್ಕ ಒಂದೊಂದೇ ಸಾಲನ್ನು ಇಂಗ್ಲಿಷಿಗೆ ತಿರುಗಿಸಿದಳು, ಸಿಫಾ ಕಂಪ್ಯೂಟರಿನಲ್ಲಿ ಒತ್ತುತ್ತ ಹೋದಳು.

"ಸಿಫಾಳ ತಂದೆ ನನ್ನ ಅಣ್ಣ ಅಲಿಮಾಸಿ. ಅವನು ಸರೋವರದಲ್ಲಿ ಮೀನು ಹಿಡಿಯುತ್ತಿದ್ದ. ಬಂದೂಕಿನವರು ಬಂದ ದಿನ ಅವನು ನಮ್ಮನ್ನೆಲ್ಲ ದೋಣಿಗೆ ಕಳಿಸಿ, ಹೆಂಡತಿಯನ್ನು ಕರೆತರಲು ವಾಪಸ್ ಹೋದ. ಇಬ್ಬರೂ ಬರಲಿಲ್ಲ. ಮೂರನೇ ದಿನ ನಮ್ಮೂರಿನವರು ಇಬ್ಬರನ್ನೂ ದಡದಲ್ಲೇ ಹೂಳಿದರು. ಅವಳ ಹೆಸರು ಎಬಿಂದಾ."

ಸಿಫಾಳ ಬೆರಳು ನಿಂತಿತು. ಆ ಹೆಸರನ್ನು ಅವಳು ಮನೆಯಲ್ಲಿ ಎಂದೂ ಕೇಳಿರಲಿಲ್ಲ.

"ಹೇಗೆ ಬರೀಬೇಕು ಅದನ್ನ?" ಎಂದಳು.

"ನಿಂಗೆ ಹೇಗೆ ಕೇಳಿಸ್ತೋ ಹಾಗೇ ಬರಿ," ಎಂದ ವಿಲೋಂಜಾ. "ಅವಳಿಗೆ ಓದು ಬರಹ ಬರ್ತಿರ್ಲಿಲ್ಲ. ನಗು ಜೋರು. ನಿಂದೂ ಹಾಗೇ."

ಸಿಫಾ ಬರೆದಳು. ಅಳಿಸಿ ಮತ್ತೆ ಬರೆದಳು. ವಿಲೋಂಜಾ ಕೊನೆಯ ಸಾಲು ಓದಿದ: "ಆಗ ನನಗೆ ಹತ್ತೊಂಬತ್ತು ವರ್ಷ, ಮದುವೆಯಾಗಿರಲಿಲ್ಲ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬಂದೆ. ನಾನು ಅವಳ ತಂದೆ ಅಲ್ಲ." ಓದಿ ಮುಗಿಸಿ, ಮೂಗು ಒರೆಸಿಕೊಂಡು, "ಸಂಬಂಧ ಅಂತ ಇದ್ದಲ್ಲಿ ಏನು ಹಾಕ್ಲಿ?" ಎಂದು ಕೇಳಿದ. ತಾಬಕ್ಕ ಹೇಳಿದಳು. ಅಚ್ಚಾದ ಇಂಗ್ಲಿಷ್ ಪತ್ರದ ಕೆಳಗೆ 'ಚಿಕ್ಕಪ್ಪ' ಎಂದು ಬರೆದು ಸಹಿ ಹಾಕಿದ. ತಾಬಕ್ಕ ಅರ್ಜಿ ತೆರೆದು, ಆ ಪ್ರಶ್ನೆಯನ್ನು ಮೊದಲ ಬಾರಿ ಗಟ್ಟಿಯಾಗಿ ಓದಿ, 'ಹೌದು' ಎಂದು ಒತ್ತಿದಳು. ಸಿಫಾ ಪತ್ರವನ್ನೂ ಸೇರಿಸಿ ಕಳಿಸಿದಳು.

ಮುಂದಿನ ಶನಿವಾರದಿಂದ ತಾಬಕ್ಕ ಅರ್ಜಿಯ ಆ ಪುಟ ಬಂದಾಗ ಅಪ್ಪಂದಿರನ್ನು ಟೀ ಕುಡಿಯಲು ಮೇಲಕ್ಕೆ ಅಟ್ಟುತ್ತಾಳೆ. ಹಳೆಯ ಒಂಬತ್ತು ಮನೆಗಳಿಗೂ ತಾನೇ ಫೋನ್ ಮಾಡಿ, ಎತ್ತಿದವರಿಗೆ ತಪ್ಪು ನನ್ನದು ಎಂದಳು. ಇಬ್ಬರು ಫೋನ್ ಇಟ್ಟರು, ಒಬ್ಬ ಬೈದ, ಮೂವರು ಮಕ್ಕಳು ಹೊಸದಾಗಿ ಅರ್ಜಿ ತುಂಬಲು ವಾಪಸ್ ಬಂದರು. ಎತ್ತದೆ ಉಳಿದ ಮೂವರಿಗೆ ಇನ್ನೂ ಫೋನ್ ಮಾಡುತ್ತಲೇ ಇದ್ದಾಳೆ.

ಸಿಫಾಗೆ ಪೂರ್ತಿ ಸಹಾಯಧನ ಬಂತು. ಮೇ ತಿಂಗಳಲ್ಲಿ ಬಂದು, ನೆಲಮಾಳಿಗೆಯ ಅದೇ ಹಳೆಯ ಕಂಪ್ಯೂಟರಿನಲ್ಲಿ ಕಾಲೇಜಿನ ಹಾಸ್ಟೆಲಿನ ಅರ್ಜಿಯನ್ನು ತಾನೇ ತುಂಬಿದಳು. ಕಳಿಸುವ ಮೊದಲು ಒಂದು ಸಲ ನೋಡು ಎಂದಳು. ಕಾಯಿಲೆ ಕಸಾಲೆಯಾದರೆ ಯಾರಿಗೆ ತಿಳಿಸಬೇಕು ಎಂಬ ಜಾಗದಲ್ಲಿ ವಿಲೋಂಜಾನ ಹೆಸರು, ಕಾರ್ಖಾನೆಯ ಫೋನ್ ನಂಬರು. ಸಂಬಂಧ: ಅಪ್ಪ.

ತಾಬಕ್ಕ ಕನ್ನಡಕ ಏರಿಸಿಕೊಂಡಳು. ಅದೇ ಕಾಲೇಜು, ಅದೇ ಹುಡುಗಿ, ಅದೇ ಮನುಷ್ಯ. ಒಂದು ಕಾಗದ ಅಲ್ಲ ಎನ್ನುತ್ತದೆ, ಇನ್ನೊಂದು ಹೌದು ಎನ್ನುತ್ತದೆ. ಶಿಬಿರದಲ್ಲಾಗಿದ್ದರೆ ಹಿಟ್ಟು ನಿಲ್ಲುತ್ತಿತ್ತು.

"ತಪ್ಪೇನಾದ್ರೂ ಇದೆಯಾ?" ಎಂದಳು ಸಿಫಾ.

"ಫೋನ್ ನಂಬರಲ್ಲಿ ಏಳರ ಪಕ್ಕ ಒಂದು ಎಂಟು ಬಂದಿದೆ, ಅದನ್ನ ತೆಗಿ," ಎಂದಳು ತಾಬಕ್ಕ. "ಉಳಿದದ್ದು ಸರಿಯಾಗಿದೆ, ಕಳಿಸು."